ಅರ್ಧಕ್ಕೆ ನಿಂತ ಆಟ



ಯಲಹಂಕ ಉಪನಗರದ ಒಂದು ಮನೆಯಲ್ಲಿ ತಂದೆ 2021ರಲ್ಲಿ ಲಿಂಗೈಕ್ಯರಾದರು. ಮಗನಿಗೆ ಆಗ 14 ವರ್ಷ. ರಾತ್ರಿ ಪ್ರಸಾದವಾದ ಮೇಲೆ ತಂದೆ ಮಗ ಇಬ್ಬರೂ ಕೂಡಿ ಆಡುತ್ತಿದ್ದ ಆಟವೊಂದಿತ್ತು. ಅದು ನಿಂಟೆಂಡೊ ಸಂಸ್ಥೆಯ ಗೇಮ್ ಬಾಯ್ ಅಡ್ವಾನ್ಸ್ ಯಂತ್ರಕ್ಕೆ 2004ರಲ್ಲಿ ಬಂದ ‘ಪೊಕೆಮಾನ್ ಫೈರ್‌ರೆಡ್’. ಆ ಯಂತ್ರ ಅವರಲ್ಲಿರಲಿಲ್ಲ; ಅದರಂತೆಯೇ ವರ್ತಿಸುವ ಎಮ್ಯುಲೇಟರ್ ಎಂಬ ತಂತ್ರಾಂಶದಿಂದ ಗಣಕಯಂತ್ರದಲ್ಲಿ ಆಡುತ್ತಿದ್ದರು. ಆಟದಲ್ಲಿ ಹಿಡಿದು ಸಾಕುವ ಪ್ರಾಣಿಗಳಿಗೆ ಹತ್ತು ಇಂಗ್ಲಿಷ್ ಅಕ್ಷರಗಳೊಳಗೆ ಹೆಸರಿಡಬಹುದು. ಕೊನೆಗೆ ಹಿಡಿದ ಪ್ರಾಣಿಗೆ ತಂದೆ ತಮ್ಮ ತಾಯಿಯ ಹೆಸರಿಟ್ಟಿದ್ದರು.

ಕಾಲೇಜು ಸೇರಿದ ಮಗ ಹೊಸ ಲ್ಯಾಪ್‌ಟಾಪಿಗೆ ಆ ಆಟವನ್ನು ನಕಲು ಮಾಡಿಕೊಂಡು, ಕಡತಕ್ಕೆ ಬೇರೆ ಹೆಸರು ಕೊಟ್ಟನು. ತೆರೆದರೆ ‘ಹೊಸ ಆಟ’ ಎಂಬ ಸಾಲಷ್ಟೇ ಕಂಡಿತು. ‘ಮುಂದುವರಿಸು’ ಎಂಬುದು ಇಲ್ಲವೇ ಇಲ್ಲ. ಗಾಬರಿಯಿಂದ ಯಶವಂತಪುರದಲ್ಲಿ ಗಣಕಯಂತ್ರ ದುರಸ್ತಿ ಮಾಡುವ ಸೋದರಮಾವನಿಗೆ ಫೋನ್ ಮಾಡಿದನು.

“ಏನೂ ಮುಟ್ಟಬೇಡ ಕಣೋ. ಹೊಸ ಆಟ ಶುರುಮಾಡಿ ಸೇವ್ ಅಂತೂ ಮಾಡ್ಲೇಬೇಡ. ಹಳೇ ಕಂಪ್ಯೂಟರ್ ಅಟ್ಟದ ಮೇಲಿಂದ ಇಳಿಸಿಟ್ಟಿರು, ಬರ್ತೀನಿ.”

ಮಾವನ ಎಚ್ಚರಿಕೆಗೆ ಕಾರಣವಿತ್ತು. ಆಟವು ತಾನೇ ಉಳಿಸಿಕೊಂಡದ್ದು ಸಾಮಾನ್ಯವಾಗಿ ‘ಎಸ್‌ಎವಿ’ ಎಂಬ ಬಾಲವುಳ್ಳ ಬೇರೊಂದು ಕಡತದಲ್ಲಿರುತ್ತದೆ. ಆಟದ ಕಡತ ಮತ್ತು ಈ ಕಡತ, ಎರಡರ ಹೆಸರೂ ಒಂದೇ ಆಗಿರಬೇಕು. ಎಮ್ಯುಲೇಟರ್ ಹುಡುಕುವ ಫೋಲ್ಡರಿನಲ್ಲಿಯೇ ಇರಬೇಕು. ಹೆಸರು ತಪ್ಪಿದರೆ ಕಡತ ಇದ್ದೂ ಕಾಣದು. ಅದೇ ಹೆಸರಿನಲ್ಲಿ ಹೊಸ ಆಟವನ್ನು ಉಳಿಸಿದರೆ ಮಾತ್ರ ಹಳೆಯದು ನಿಜವಾಗಿ ಅಳಿದುಹೋಗುತ್ತದೆ.

ಹಳೆಯ ಯಂತ್ರದಲ್ಲಿ ಆ ಕಡತ ಸಿಕ್ಕಿತು. ಮಾವ ಮೊದಲು ಇಡೀ ಫೋಲ್ಡರನ್ನು ಪೆನ್ ಡ್ರೈವಿಗೆ ನಕಲು ಮಾಡಿ ತೆಗೆದಿಟ್ಟರು. ಬಳಿಕ ಹೆಸರು ಸರಿಪಡಿಸಿ ಲ್ಯಾಪ್‌ಟಾಪಿನಲ್ಲಿ ತೆರೆದರೆ, ಆಟವು ಒಳಗಿನ ಸ್ಮೃತಿಫಲಕವೇ ಇಲ್ಲವೆಂದು ದೂರಿತು. ಕಡತದ ಗಾತ್ರ 1,31,072 ಬೈಟ್, ಅಂದರೆ 128 ಕಿಲೋಬೈಟ್. ಎಮ್ಯುಲೇಟರಿನಲ್ಲಿ ಉಳಿತಾಯದ ಸ್ಮೃತಿ 64 ಎಂದು ಇತ್ತು. ಅದನ್ನು 128ಕ್ಕೆ ಬದಲಿಸಿದೊಡನೆ ‘ಮುಂದುವರಿಸು’ ಎಂಬ ಸಾಲು ಮೂಡಿತು.

ಆದರೆ ಅಜ್ಜಿಯ ಹೆಸರಿನ ಪ್ರಾಣಿ ಅದರಲ್ಲಿರಲಿಲ್ಲ. ಅದು 2019ರ ಆಟ.

“ಅಪ್ಪ ಆಮೇಲಾಮೇಲೆ ಆಟದೊಳಗೆ ಸೇವ್ ಮಾಡ್ತಿರಲಿಲ್ಲ ಮಾವ. ಒಂದು ಕೀ ಒತ್ತಿ ಎದ್ದುಬಿಡ್ತಿದ್ರು.”

ಆಗ ಮಾವನಿಗೆ ಹೊಳೆಯಿತು. ಆ ಕೀಲಿ ಎಮ್ಯುಲೇಟರಿನದು. ಅದು ಆ ಕ್ಷಣದ ಸ್ಥಿತಿಯನ್ನು ಚಿತ್ರ ತೆಗೆದಂತೆ ಬೇರೊಂದು ಕಡತದಲ್ಲಿ ಹಿಡಿದಿಡುತ್ತದೆ. ಒಂದು ಎಮ್ಯುಲೇಟರ್ ಬರೆದ ಸ್ಥಿತಿಯನ್ನು ಮತ್ತೊಂದು ಸಾಮಾನ್ಯವಾಗಿ ಓದಲಾರದು; ಅದೇ ತಂತ್ರಾಂಶದ ಹೊಸ ಆವೃತ್ತಿಯೂ ಕೆಲವೊಮ್ಮೆ ಓದಲಾರದು. ಹಳೆಯ ಯಂತ್ರದ ಹಳೆಯ ಎಮ್ಯುಲೇಟರಿನಲ್ಲೇ ಅದನ್ನು ತೆರೆದು, ಆಟದೊಳಗಿನಿಂದ ಒಮ್ಮೆ ಉಳಿಸಿ, ಬಳಿಕ ಹೊಸ ಯಂತ್ರಕ್ಕೆ ತರಬೇಕು.

ತೆರೆದಾಗ ಪರದೆಯ ಮೇಲೆ ಕಾಳಗವೊಂದು ಅರ್ಧಕ್ಕೆ ನಿಂತಿತ್ತು. ಕಣದಲ್ಲಿದ್ದುದು ಅಜ್ಜಿಯ ಹೆಸರಿನ ಪ್ರಾಣಿಯೇ. ಬಾಗಿಲಲ್ಲಿ ನಿಂತಿದ್ದ ತಾಯಿ ಒಳಬಂದು ಮಗನ ಹಿಂದೆ ಕುಳಿತರು. ಕಾಳಗದ ನಡುವೆ ಆಟವು ಉಳಿಸಲು ಬಿಡುವುದಿಲ್ಲ. ಎದುರಾಳಿ ಆಟಗಾರನಿಂದ ಓಡಿಹೋಗಲೂ ಬಿಡುವುದಿಲ್ಲ.

“ಮುಗಿಸಲೇಬೇಕಪ್ಪ,” ಎಂದರು ಮಾವ.

ತಂದೆ ನಿಲ್ಲಿಸಿದ್ದ ಕಾಳಗವನ್ನು ಮಗ ಆಡಿ ಮುಗಿಸಿದನು. ಗೆದ್ದ ಮೇಲೆ ಆಟದೊಳಗೆ ಉಳಿಸಿ, ಅದರ ಪ್ರತಿಗಳನ್ನು ಎರಡು ಕಡೆ ಇಟ್ಟನು. ಹಳೆಯ ಗಣಕಯಂತ್ರ ಮತ್ತೆ ಅಟ್ಟಕ್ಕೆ ಹೋಗಲಿಲ್ಲ.

ಮಕ್ಕಳಾಟವೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಕಾಣದಿರುವುದನ್ನೆಲ್ಲ ಕಳೆದುಹೋಯಿತೆಂದು ಬಗೆದು, ಆತುರದಿಂದ ಅದರ ಮೇಲೆ ಹೊಸದನ್ನು ಬರೆಯುವ ಅಭ್ಯಾಸ ದೊಡ್ಡವರಲ್ಲೂ ಇದೆ. ಆ ದಿನ ಆ ಮನೆಯನ್ನು ಕಾಯ್ದದ್ದು ‘ಮುಟ್ಟಬೇಡ’ ಎಂಬ ಒಂದು ಮಾತು.