ಗಡಾಯಿಕಲ್ಲಿನ ದಾರಿಯಲ್ಲಿ

ಸಂಚಾರವು ಮನುಷ್ಯನಿಗೆ ಸಹಜವಾದುದು. ಆದರೆ ಇಡುವ ಹೆಜ್ಜೆಗೊಂದು ಪ್ರಯೋಜನವಿರಬೇಕು, ಆ ಹೆಜ್ಜೆಯ ಕೆಳಗೆ ಜೀವವಿದೆಯೆಂಬ ಎಚ್ಚರವೂ ಇರಬೇಕು ಎಂಬುದು ಜೈನಾಚಾರ್ಯರ ಉಪದೇಶ. ಮುನಿಗಳು ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು ನಡೆಯುವುದು ಈರ್ಯಾಸಮಿತಿ. ಶ್ರಾವಕನಿಗೆ ಅಷ್ಟು ಕಠಿಣವಾದ ನಿಯಮವಿಲ್ಲ; ಆದರೆ ಅನರ್ಥದಂಡವ್ರತವಿದೆ.

ಮಾಘ ಮಾಸದ ಒಂದು ಮುಂಜಾನೆ ಮೂಡುಬಿದಿರೆಯ ನಿವೃತ್ತ ಅಧ್ಯಾಪಕರೊಬ್ಬರು ಸಾವಿರ ಕಂಬದ ಬಸದಿಯಲ್ಲಿ ಚಂದ್ರನಾಥ ಸ್ವಾಮಿಯ ದರ್ಶನ ಮುಗಿಸಿ, ತಂಗಿಯ ಮಗನೊಡನೆ ಪ್ರವಾಸ ಹೊರಟರು. ಅಳಿಯನ ಮನೆ ಬಂಟ್ವಾಳ, ಉದ್ಯೋಗ ಬೆಂಗಳೂರಿನಲ್ಲಿ. ನಾಲ್ಕೂ ಚಕ್ರಗಳಿಗೆ ಎಂಜಿನಿನ ಬಲ ಒದಗುವ ಹೊಸ ಜೀಪನ್ನು ಕೊಂಡಿದ್ದ ಅವನಿಗೆ, ಡಾಂಬರು ಕಾಣದ ದಾರಿಯಲ್ಲಿ ಅದರ ಶಕ್ತಿಯನ್ನು ಪರೀಕ್ಷಿಸುವ ಆಸೆ. ಮಾವನಿಗೆ ಗಡಾಯಿಕಲ್ಲನ್ನು ಇನ್ನೊಮ್ಮೆ ಹತ್ತುವ ಆಸೆ.

ದಾರಿಯಲ್ಲಿ ವೇಣೂರು. 1604ರಲ್ಲಿ ತಿಮ್ಮಣ್ಣ ಅಜಿಲರು ಪ್ರತಿಷ್ಠಾಪಿಸಿದ 35 ಅಡಿ ಎತ್ತರದ ಬಾಹುಬಲಿಗೆ ವಂದಿಸಿ, ಗುರುವಾಯನಕೆರೆಯ ಮಾರ್ಗವಾಗಿ ಬೆಳ್ತಂಗಡಿ ಸೇರಿದರು. ಅಲ್ಲಿಂದ ಸ್ವಲ್ಪ ದೂರದಲ್ಲೇ ಗಡಾಯಿಕಲ್ಲು. ಹಿಂದೆ ನರಸಿಂಹಗಡವೆನಿಸಿದ್ದ ಈ ಬಂಡೆಯ ಮೇಲೆ 1794ರಲ್ಲಿ ಟಿಪ್ಪು ಸುಲ್ತಾನನು ಕೋಟೆ ಕಟ್ಟಿಸಿ, ತಾಯಿಯ ಹೆಸರಿನಿಂದ ಜಮಾಲಾಬಾದ್ ಎಂದು ಕರೆದನು. ಇಂದು ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಪರಿಧಿಯಲ್ಲಿದೆ. ಬಂಡೆಯಲ್ಲೇ ಕಡಿದ 1,800ಕ್ಕೂ ಮಿಕ್ಕಿದ ಮೆಟ್ಟಿಲುಗಳನ್ನು ಇಬ್ಬರೂ ನಿಧಾನವಾಗಿ ಹತ್ತಿದರು. ಕರ್ನಾಟಕದ ನೆಲದ ಬಹುಭಾಗಕ್ಕೆ ತಳಹದಿಯಾದ ಶಿಲೆಗಳಿಗೆ ಸುಮಾರು 300 ಕೋಟಿ ವರ್ಷಗಳ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದರೆದುರು ಕೋಟೆಯೂ ನಿನ್ನೆಯದು.

ಶಿಖರದಲ್ಲಿ ಹಾಳುಬಿದ್ದ ಗೋಡೆಯೊಂದರ ಗಾರೆಯ ಮೇಲೆ ಹತ್ತಾರು ಹೆಸರುಗಳಿದ್ದವು. "ಇದೆಂತಹ ಬುದ್ಧಿಗೇಡಿತನ!" ಎಂದ ಅಳಿಯ. ಮಾವ ಉತ್ತರಿಸಲಿಲ್ಲ. ಬಹಳ ಹೊತ್ತು ಹುಡುಕಿ, ಒಂದು ಮೂಲೆಯಲ್ಲಿ ಮಾಸಿದ ನಾಲ್ಕು ಅಕ್ಷರಗಳ ಮೇಲೆ ಬೆರಳಿಟ್ಟರು. ಅದು ಅವರದೇ ಹೆಸರು. ಕಾಲೇಜಿನ ದಿನಗಳಲ್ಲಿ ಗೆಳೆಯರೊಡನೆ ಬಂದು ಮೊಳೆಯಿಂದ ಕೆತ್ತಿದ್ದು. ಮರು ಪ್ರವಾಸದ ಆಸೆಗೆ ಇದೇ ಕಾರಣವಾಗಿತ್ತು. "ಅಳಿಸಿಹೋಗಿರಬಹುದೆಂದುಕೊಂಡಿದ್ದೆ, ಹೋಗಿಲ್ಲ" ಎಂದಷ್ಟೇ ನುಡಿದರು.

ಇಳಿದು ಬುತ್ತಿಯೂಟ ಮುಗಿಸಿದ ಮೇಲೆ ಅಳಿಯನ ಸರದಿ. ದಿಡುಪೆಯತ್ತ ಸಾಗುವಾಗ ದಾರಿಯ ಪಕ್ಕದಲ್ಲಿ ತಿಳಿನೀರಿನ ತೊರೆಯೊಂದು ಕಂಡಿತು. ಅದರ ಪಾತ್ರದಲ್ಲೇ ಜೀಪನ್ನು ಮೇಲಕ್ಕೆ ಹತ್ತಿಸಬೇಕೆಂದು ಅವನು ಗೇರು ಬದಲಿಸಿದ. ಮಾವ ತಡೆದರು.

ಅದೇ ವೇಳೆಗೆ ಘಟ್ಟದ ಮೇಲಿನ ಎಳನೀರು ಕಡೆಯಿಂದ ಹಳೆಯ ಜೀಪೊಂದು ಕಲ್ಲುದಾರಿಯಲ್ಲಿ ಏಳುತ್ತ ಬೀಳುತ್ತ ಇಳಿದು ಬಂತು. ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದ ವೃದ್ಧೆಯನ್ನು ಮಗ ಆತುಕೊಂಡಿದ್ದ, ಆಸ್ಪತ್ರೆಗೆ ಹೊರಟವರು.

"ಆ ಜೀಪಿನ ಚಕ್ರಕ್ಕೂ ಹುಳುಹುಪ್ಪಟೆ ಸಿಗುವುದಿಲ್ಲವೇ, ಮಾವ? ಅವರು ಹೋಗಬಹುದಾದರೆ ನಾವೇಕೆ ಹೋಗಬಾರದು?"

ಪ್ರಶ್ನೆ ನ್ಯಾಯವಾದದ್ದೇ. ಮಾವ ಶಾಂತವಾಗಿ ಹೇಳಿದರು: "ಸಿಗುತ್ತವೆ. ಗೃಹಸ್ಥನ ಬಾಳಿನಲ್ಲಿ ಆರಂಭದ ಹಿಂಸೆ ಪೂರ್ತಿ ತಪ್ಪದು. ಆದರೆ ಅವರಿಗೆ ಬೇರೆ ದಾರಿಯಿಲ್ಲ, ನಮಗೆ ಇಲ್ಲಿ ಕೆಲಸವಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿವರಿಸಿದ ಪ್ರಮಾದಚರ್ಯೆ ಇದೇ. ನಿಷ್ಫಲವಾಗಿ ನೆಲವನ್ನೂ ನೀರನ್ನೂ ಕಲಕುವುದು, ಗಿಡವನ್ನು ಮುರಿಯುವುದು, ಸುಮ್ಮನೆ ಅಲೆಯುವುದು, ಅಲೆಯಿಸುವುದು. ನಾನು ಗಾರೆಯ ಮೇಲೆ ಹೆಸರು ಕೆತ್ತಿದ್ದೂ ಅದೇ. ನಿನ್ನ ಚಕ್ರ ಕೆತ್ತುವುದು ಪೃಥ್ವೀಕಾಯವನ್ನು, ಜಲಕಾಯವನ್ನು."

ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಹಾಗಾದರೆ ಇಂದಿನ ಇಡೀ ತಿರುಗಾಟವೂ ಅನರ್ಥವಲ್ಲವೇ?"

ಮಾವ ನಕ್ಕರು. "ಅರ್ಧ ಹೌದು. ಆ ಅರ್ಧದ ಲೆಕ್ಕವನ್ನು ಸಂಜೆಯ ಪ್ರತಿಕ್ರಮಣದಲ್ಲಿ ಒಪ್ಪಿಸಬೇಕು, ನಾನೂ."

ಜೀಪು ಹಿಂದಕ್ಕೆ ತಿರುಗಿತು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಯಬೇಕಾದ್ದರಿಂದ ನೇರವಾಗಿ ಬಂಟ್ವಾಳಕ್ಕೆ ಬಂದರು. ಕುದುರೆಮುಖದ ಶ್ರೇಣಿಯಲ್ಲಿ ಹುಟ್ಟುವ ನೇತ್ರಾವತಿ ಬಂಟ್ವಾಳವನ್ನು ಬಳಸಿಯೇ ಕಡಲಿಗೆ ಹೋಗುತ್ತಾಳೆ. 2019ರ ಆಗಸ್ಟಿನ ಮಳೆಗೆ ಬೆಳ್ತಂಗಡಿಯ ಬೆಟ್ಟಗಳು ಕುಸಿದಾಗ ಅಲ್ಲಿಯ ಕೆಸರು ಹೊಳೆಗಿಳಿದಿತ್ತು. ಬಂಟ್ವಾಳದಲ್ಲಿ ನದಿ ಉಕ್ಕಿ ಮನೆಗಳಿಗೆ ನುಗ್ಗಿತ್ತು. ಅದು ಪ್ರಕೃತಿಯ ವಿಕೋಪ, ಯಾವ ಜೀಪಿನ ಅಪರಾಧವೂ ಅಲ್ಲ. ಆದರೂ ಮೇಲೆ ಕದಡಿದ್ದು ಕೆಳಗಿನ ಅಂಗಳಕ್ಕೆ ಬರುತ್ತದೆಂಬುದನ್ನು ಆ ಮನೆಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಅಂಗಳದಲ್ಲಿ ಜೀಪು ನಿಲ್ಲಿಸಿದ ಅಳಿಯ ಚಕ್ರಗಳನ್ನೊಮ್ಮೆ ನೋಡಿದ. ದಾರಿಯ ಧೂಳಿತ್ತು, ತೊರೆಯ ಕೆಸರಿರಲಿಲ್ಲ. ವ್ರತವು ಒಂದೇ ದಿನದಲ್ಲಿ ಪೂರ್ಣವಾಗಿ ಸಿದ್ಧಿಸುವುದಿಲ್ಲ. ತಿರುಗಿ ಬರಬಹುದಾದ ಸ್ಥಳದಲ್ಲಿ ತಿರುಗಿ ಬಂದರೆ, ಅದು ಅಲ್ಲಿಂದ ಆರಂಭವಾಗುತ್ತದೆ.