ಅವಿಭಾಜ್ಯವೇ, ಬರಿ ಎಂದಿದ್ದೆ

ಮೂವತ್ತೆರಡು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದಕ್ಕೆ ಒಂದು ಕೂಡಿದರೆ 4,29,49,67,297 ಆಗುತ್ತದೆ. ಪ್ರೌಢಶಾಲೆಗೆ ಗಣಿತದ ಮೇಷ್ಟ್ರಾಗಿ ಸೇರಿದ ಹೊಸದರಲ್ಲಿ ಈ ಸಂಖ್ಯೆಯ ವಿಷಯದಲ್ಲಿ ನಾನು ಒಬ್ಬ ವಿದ್ಯಾರ್ಥಿನಿಗೆ ತಪ್ಪು ಹೇಳಿಕೊಟ್ಟೆ.

ಅವಳು ವಿಜ್ಞಾನ ವಸ್ತುಪ್ರದರ್ಶನಕ್ಕೆ ಚಾರ್ಟ್ ಬರೆಯುತ್ತಿದ್ದಳು. 3, 5, 17, 257, 65,537. ಹಿಂದಿನದರಲ್ಲಿ ಒಂದು ಕಳೆದು, ವರ್ಗ ಮಾಡಿ, ಮತ್ತೆ ಒಂದು ಕೂಡಿದರೆ ಮುಂದಿನದು ಸಿಗುತ್ತದೆ. ಐದೂ ಅವಿಭಾಜ್ಯ. “ಸರ್, ಆರನೆಯದೂ ಹಾಗೇನಾ?” ಎಂದು ಕೇಳಿದಳು.

ರಾತ್ರಿ ಭಾಗಾಕಾರಕ್ಕೆ ಕೂತೆ. ಕೊನೆಯ ಅಂಕಿ 7, ಹಾಗಾಗಿ 2 ಮತ್ತು 5ರ ಮಾತಿಲ್ಲ. ಅಂಕಿಗಳ ಮೊತ್ತ 59, ಮೂರೂ ಹೋಗದು. 7, 11, 13... ಪ್ರತಿಸಲವೂ ಶೇಷ ಉಳಿಯಿತು. ಐನೂರರ ಹತ್ತಿರ ಬಂದು ಪೆನ್ನು ಕೆಳಗಿಟ್ಟೆ. ಬೆಳಿಗ್ಗೆ, “ಅವಿಭಾಜ್ಯವೇ ಕಣಮ್ಮ, ಧೈರ್ಯವಾಗಿ ಬರಿ” ಎಂದೆ. ಅವಳು ಕೆಂಪು ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದಳು.

ತೀರ್ಪುಗಾರರೊಬ್ಬರು ಚಾರ್ಟ್ ನೋಡಿ, 641ರಿಂದ ಭಾಗಿಸು ಎಂದರು. ಅಲ್ಲೇ ನಿಂತು ಭಾಗಿಸಿದಳು. ಭಾಗಲಬ್ಧ 67,00,417, ಶೇಷ ಸೊನ್ನೆ. ಸರ್ ಹೇಳಿದ್ದು ಎಂದು ಒಂದು ಮಾತೂ ಆಡಲಿಲ್ಲ ಆ ಹುಡುಗಿ. ನನಗೆ ಇಂದಿಗೂ ನೋಯುವುದು ಅದೇ.

ಈ ಸಾಲಿನವೆಲ್ಲ ಅವಿಭಾಜ್ಯ ಎಂದು ಫರ್ಮಾ 1640ರಲ್ಲೇ ನಂಬಿದ್ದ. ಆದರೆ ಸಾಧನೆ ಕೈಗೆ ಬಂದಿಲ್ಲ ಎಂದೂ ಪತ್ರದಲ್ಲಿ ಬರೆದಿದ್ದ. ಆ ಪ್ರಾಮಾಣಿಕತೆ ನನ್ನಲ್ಲಿರಲಿಲ್ಲ. 1732ರಲ್ಲಿ ಆಯ್ಲರ್ 641 ಅನ್ನು ಹುಡುಕಿಕೊಟ್ಟ. ಮುಂದೆ ಅವನೇ ಕೊಟ್ಟ ಸಾಧನೆಯ ಪ್ರಕಾರ, ಈ ಸಂಖ್ಯೆಯ ಅಪವರ್ತನ ಯಾವುದೇ ಇರಲಿ, ಅದು 64ರ ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕು. ಅಂಥ ಅವಿಭಾಜ್ಯಗಳು 193, 257, 449, 577, ಆಮೇಲೆ 641. ಐದನೆಯ ಭಾಗಾಕಾರಕ್ಕೇ ಉತ್ತರ! ನನ್ನ ದಾರಿಯಲ್ಲಿ ಹೋದರೆ, ಅವಿಭಾಜ್ಯ ಎಂದು ಹೇಳುವ ಮೊದಲು ವರ್ಗಮೂಲದವರೆಗೆ, ಅಂದರೆ 65,536ರವರೆಗೆ, ಇರುವ 6,542 ಅವಿಭಾಜ್ಯಗಳನ್ನೂ ನೋಡಬೇಕಿತ್ತು. ನಾನು ನೂರನ್ನೂ ಮುಟ್ಟಿರಲಿಲ್ಲ. ಬೇಗ ನಿಲ್ಲಿಸಿದ್ದು ದೊಡ್ಡ ತಪ್ಪಲ್ಲ. ಐನೂರರವರೆಗೆ ನೋಡಿದೆ, ಸಿಗಲಿಲ್ಲ ಎಂದಷ್ಟೇ ಹೇಳಬಹುದಿತ್ತು. ಇಲ್ಲವೇ ಇಲ್ಲ ಎಂದು ಹೇಳಿದೆ.

ಮರುದಿನ ತರಗತಿಯಲ್ಲಿ ಎಲ್ಲರೆದುರು, ತಪ್ಪು ಅವಳದಲ್ಲ ನನ್ನದು ಎಂದು ಹೇಳಿ ಬೋರ್ಡಿನ ಮೇಲೆ ಬರೆದೆ: 641 ಎಂದರೆ 5×2⁷+1, ಅದೇ 641 ಎಂದರೆ 5⁴+2⁴ ಕೂಡ. ಎರಡನ್ನೂ ಜೋಡಿಸಿದರೆ ಉದ್ದದ ಭಾಗಾಕಾರವೇ ಬೇಡ, 2³²+1 ಅನ್ನು 641 ಭಾಗಿಸುತ್ತದೆ ಎಂದು ನಾಲ್ಕು ಸಾಲಿನಲ್ಲಿ ಸಾಧಿಸಬಹುದು. ಅವಳು ಮೂರನೆಯ ಸಾಲಿಗೇ ಹಿಡಿದುಬಿಟ್ಟಳು.

ಈಗಲೂ ಮಕ್ಕಳು ಏಳನೆಯದು, ಎಂಟನೆಯದು ಹೇಗೆ ಎಂದು ಕೇಳುತ್ತಾರೆ. ಮೊದಲ ಐದರಾಚೆ ಈ ಸಾಲಿನಲ್ಲಿ ಒಂದೇ ಒಂದು ಅವಿಭಾಜ್ಯ ಸಂಖ್ಯೆಯೂ ಇಂದಿನವರೆಗೆ ಸಿಕ್ಕಿಲ್ಲ. ಇನ್ನು ಇಲ್ಲ ಎಂದು ಸಾಧಿಸಿದವರೂ ಇಲ್ಲ.