‘ತಪ್ಪಾಯಿತು’ ಎಂದು ಬರೆಯುವ ಮುನ್ನ

ಶಿಸ್ತು ಎಂಬ ಮಾತು ಕಿವಿಗೆ ಬಿದ್ದೊಡನೆ ನಮಗೆ ನೆನಪಾಗುವುದು ಬೆತ್ತ, ಸಾಲು, ಸಮವಸ್ತ್ರ. ಚರಿತ್ರೆಯನ್ನೂ ಓದುವ ನಿಮಗೆ ಇನ್ನೊಂದು ನೆನಪು ಬರಬೇಕು. ಕೆಳದಿಯ ಶಿವಪ್ಪನಾಯಕ 1645ರಿಂದ 1660ರವರೆಗಿನ ತನ್ನ ಆಳ್ವಿಕೆಯಲ್ಲಿ ಭೂಮಿಯ ಗುಣವನ್ನೂ ಇಳುವರಿಯನ್ನೂ ನೋಡಿ ಕಂದಾಯವನ್ನು ಗೊತ್ತುಪಡಿಸಿದ. ಆ ಗೊತ್ತುಪಾಡಿಗೇ ಶಿಸ್ತು ಎಂದು ಹೆಸರು. ಅವನು ‘ಶಿಸ್ತಿನ ಶಿವಪ್ಪನಾಯಕ’ನಾದದ್ದು ಅದರಿಂದ. ಎಷ್ಟು ಕೊಡಬೇಕೆಂಬುದು ಕೊಡುವವನಿಗೂ ವಸೂಲಿಗೆ ಬಂದವನಿಗೂ ಮೊದಲೇ ಗೊತ್ತಿರಬೇಕು ಎಂಬುದು ಅದರ ತಿರುಳು. ಕಾಲೇಜುಗಳ ಶಿಸ್ತುಕ್ರಮವನ್ನು ಅರ್ಥಮಾಡಿಕೊಳ್ಳಲು ನನಗೆ ಈ ಹಳೆಯ ಅರ್ಥವೇ ಹೆಚ್ಚು ಒದಗಿಬಂದಿದೆ.

ನನ್ನ ಊರು ನೀಲಗಿರಿಯ ಒಂದು ಬಡಗರ ಹಟ್ಟಿ. ಕೆಲವು ವರ್ಷಗಳ ಹಿಂದೆ ರಜೆಗೆಂದು ಗೂಡಲೂರಿನ ಮಾರ್ಗವಾಗಿ ಊರಿಗೆ ಹೋಗಿದ್ದಾಗ ನೆರೆಮನೆಯವರೊಬ್ಬರು ಒಂದು ಕಾಗದ ಹಿಡಿದು ಬಂದರು. ಅವರದು ಸಣ್ಣ ಚಹಾ ತೋಟ. ಹಸಿರೆಲೆಯನ್ನು ಕಾರ್ಖಾನೆಗೆ ಹಾಕಿ ಬದುಕುವವರು. ಮಗ ಬೆಟ್ಟದ ಮೇಲಿನ ಒಂದು ಕಾಲೇಜಿನಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿ. ಪರೀಕ್ಷೆಯ ಹೊತ್ತಿನಲ್ಲಿ ಅವನ ಮೇಜಿನ ಮೇಲೆ, ಪ್ರಶ್ನೆಪತ್ರಿಕೆಯ ಕೆಳಗೆ, ಒಂದು ಚೀಟಿ ಸಿಕ್ಕಿತ್ತು. ಉತ್ತರಪತ್ರಿಕೆಯನ್ನು ಕಿತ್ತುಕೊಂಡು, ಇಂಗ್ಲಿಷಿನಲ್ಲಿ ಬರೆದಿದ್ದ ಹೇಳಿಕೆಯೊಂದಕ್ಕೆ ಅವನ ರುಜು ಪಡೆದಿದ್ದರು. ಈಗ ಬಂದದ್ದು ಕಾರಣ ಕೇಳುವ ನೋಟೀಸು: ಏಳು ದಿನಗಳೊಳಗೆ ಉತ್ತರ ಕೊಡತಕ್ಕದ್ದು.

ತಂದೆ ಉತ್ತರವನ್ನು ಆಗಲೇ ಗೊತ್ತುಮಾಡಿಕೊಂಡಿದ್ದರು. “ತಪ್ಪಾಯಿತು, ಮನ್ನಿಸಬೇಕು ಎಂದು ಬರೆದುಕೊಡಿ ಅಣ್ಣ, ಅಲ್ಲಿಗೆ ಮುಗಿಯುತ್ತದೆ” ಎಂದರು. ಹುಡುಗ ಮಾತ್ರ ಚೀಟಿ ತನ್ನದಲ್ಲವೆಂದು ಮೂರು ಸಲ ಹೇಳಿದ. ಚೀಟಿ ಅವನದಲ್ಲವೆಂಬುದನ್ನು ತಂದೆಯೂ ನಂಬಿದ್ದರು. ನಂಬಿಯೂ ತಪ್ಪೊಪ್ಪಿಗೆ ಬರೆಯಿರಿ ಎನ್ನುತ್ತಿದ್ದರು!

ಇದರಲ್ಲಿ ಅವರಿಗೆ ವಿರೋಧವೇ ಕಾಣುತ್ತಿರಲಿಲ್ಲ. ಹಟ್ಟಿಯ ವ್ಯಾಜ್ಯ ಕೂಟಿನಲ್ಲಿ ತೀರ್ಮಾನವಾಗುತ್ತದೆ. ಗೌಡರು, ಹಿರಿಯರು ಕುಳಿತಿರುತ್ತಾರೆ. ಇಬ್ಬರೂ ತಮ್ಮ ಮಾತಿನಲ್ಲೇ, ದಣಿಯುವವರೆಗೆ ಹೇಳಿಕೊಳ್ಳುತ್ತಾರೆ. ಕೊನೆಗೆ ಕಿರಿಯವನು ತಲೆಬಾಗಿ ತಪ್ಪಾಯಿತೆಂದರೆ ಹಿರಿಯರು ತಲೆ ಮುಟ್ಟಿ ಹರಸುತ್ತಾರೆ. ಅಲ್ಲಿ ಆ ಮಾತಿಗೆ ‘ನಾನು ಮಾಡಿದೆ’ ಎಂಬ ಅರ್ಥವಿರಲೇಬೇಕೆಂದಿಲ್ಲ. ‘ನಿಮ್ಮ ಮುಂದೆ ಹಟ ಹಿಡಿಯುವುದಿಲ್ಲ’ ಎಂಬ ಮರ್ಯಾದೆಯಷ್ಟೇ ಇದ್ದರೂ ಸಾಕು. ಕೂಟನ್ನು ಹೊಗಳಲು ನಾನು ಹೊರಟಿಲ್ಲ. ಅಲ್ಲಿ ಆರೋಪವನ್ನು ಯಾರೂ ಬರೆದುಕೊಡುವುದಿಲ್ಲ. ಹೆಂಗಸರ ಮಾತಿಗೆ ಅಲ್ಲಿದ್ದ ಜಾಗ ಕಡಿಮೆ. ಊರಿಗೆ ಬೇಡವಾದವನಿಗೆ ಅಳತೆ ಬೇರೆಯಾಗುವುದನ್ನೂ ಕಂಡಿದ್ದೇನೆ. ಆದರೆ ಆಡಿದ ಮಾತು ಅಲ್ಲಿ ಆ ಸಂಜೆಗೇ ಕರಗುತ್ತದೆ. ಕಾಲೇಜಿನಲ್ಲಿ ಅದೇ ಮಾತು ಕಡತ ಸೇರುತ್ತದೆ. ಸಮಿತಿಯ ಮುಂದೆ ‘ತಪ್ಪಾಯಿತು’ ಎಂಬುದು ಸೌಜನ್ಯವಾಗುವುದಿಲ್ಲ, ತಪ್ಪೊಪ್ಪಿಗೆಯಾಗುತ್ತದೆ. ಒಪ್ಪಿಕೊಂಡವನ ವಿಷಯದಲ್ಲಿ ವಿಚಾರಣೆಗೆ ಉಳಿಯುವುದು ದಂಡನೆ ಎಷ್ಟೆಂಬ ಪ್ರಶ್ನೆ ಮಾತ್ರ.

ಕಾನೂನು ಇಲ್ಲಿ ಏನನ್ನು ಕೇಳುತ್ತದೆ? ಉತ್ತರ ಪ್ರದೇಶದ ಪರೀಕ್ಷಾ ಮಂಡಳಿಯೊಂದು ನಕಲಿನ ಆರೋಪದ ಮೇಲೆ, ವಿದ್ಯಾರ್ಥಿಗಳನ್ನು ಒಂದು ಮಾತೂ ಕೇಳದೆ ಅವರ ಫಲಿತಾಂಶ ರದ್ದುಮಾಡಿತ್ತು. ಘನಶ್ಯಾಮ ದಾಸ್ ಗುಪ್ತ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ 1962ರಲ್ಲಿ ಸುಪ್ರೀಂ ಕೋರ್ಟು, ಒಬ್ಬನ ಮುಂದಿನ ಬಾಳನ್ನು ತಟ್ಟುವ ತೀರ್ಮಾನವನ್ನು ಅವನ ಅಹವಾಲು ಕೇಳದೆ ಮಾಡಲಾಗದು ಎಂದು ನಿರ್ಣಯಿಸಿತು. ಹಾಗೆಂದು ಕಾಲೇಜು ನ್ಯಾಯಾಲಯವಾಗಬೇಕಿಲ್ಲ. 1968ರಲ್ಲಿ ಕೇರಳ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಸಹಜ ನ್ಯಾಯವೆಂಬುದು ಎಲ್ಲ ಕಡೆಗೂ ಒಂದೇ ಅಳತೆಯಲ್ಲಿ ಹೊಲಿದ ಅಂಗಿಯಲ್ಲ ಎಂಬ ಅಭಿಪ್ರಾಯ ತಳೆಯಿತು. 1973ರ ರಾಂಚಿಯ ಪ್ರಕರಣ ಇನ್ನೂ ಕಠಿಣವಾದದ್ದು. ವೈದ್ಯಕೀಯ ಕಾಲೇಜಿನ ಕೆಲವು ಹುಡುಗರು ರಾತ್ರಿ ಹುಡುಗಿಯರ ಹಾಸ್ಟೆಲಿನ ಆವರಣಕ್ಕೆ ನುಗ್ಗಿದ್ದರೆಂಬ ದೂರು; ಹುಡುಗಿಯರ ಹೇಳಿಕೆಗಳನ್ನು ಆರೋಪಿಗಳ ಎದುರಿನಲ್ಲಿ ಪಡೆದಿರಲಿಲ್ಲ. ಎದುರಿನಲ್ಲೇ ಹೇಳಬೇಕೆಂದರೆ ಯಾವ ಹುಡುಗಿಯೂ ಬಾಯಿ ಬಿಡಲಾರಳು ಎಂಬುದನ್ನು ಮನಗಂಡ ನ್ಯಾಯಾಲಯ, ಹುಡುಗರಿಗೆ ಆರೋಪ ತಿಳಿಸಿ ಉತ್ತರ ಕೇಳಿದ್ದರಿಂದ ಆ ವಿಚಾರಣೆ ಸಾಕೆಂದಿತು. ನನಗೂ ಅದು ಸರಿಯೆಂದೇ ತೋರುತ್ತದೆ. ಎಷ್ಟು ಸಡಿಲಿಸಿದರೂ ಆರೋಪವನ್ನು ತಿಳಿಸುವುದು, ಉತ್ತರವನ್ನು ಕೇಳುವುದು ಎಂಬೆರಡು ಉಳಿದೇ ಉಳಿಯುತ್ತವೆ.

ತಿಳಿಸುವುದೆಂದರೆ ಯಾವ ಭಾಷೆಯಲ್ಲಿ? ಭಾಷೆಯನ್ನು ಓದುವ ನಾವು ಕೇಳಬೇಕಾದ ಪ್ರಶ್ನೆ ಇದು. ರ‍್ಯಾಗಿಂಗ್ ವಿಷಯದಲ್ಲಿ ಇದಕ್ಕೆ ಒಂದು ಉತ್ತರ ದೊರೆತಿದೆ. ಅಣ್ಣಾಮಲೈ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿ ನಾವರಸು 1996ರಲ್ಲಿ ಕೊಲೆಯಾದ ಮೇಲೆ ತಮಿಳುನಾಡು 1997ರಲ್ಲಿ ರ‍್ಯಾಗಿಂಗ್ ನಿಷೇಧ ಕಾಯಿದೆ ತಂದಿತು. ಯುಜಿಸಿಯ 2009ರ ನಿಯಮಾವಳಿಯು ವಿದ್ಯಾರ್ಥಿ ಬರೆದುಕೊಡುವ ಪ್ರಮಾಣಪತ್ರ ಇಂಗ್ಲಿಷಿನೊಡನೆ ಹಿಂದಿಯಲ್ಲೋ ಅವನಿಗೆ ತಿಳಿದ ಪ್ರಾದೇಶಿಕ ಭಾಷೆಯಲ್ಲೋ ಇರಬೇಕೆನ್ನುತ್ತದೆ. ಮುಚ್ಚಳಿಕೆ ಬರೆಸಿಕೊಳ್ಳುವಾಗ ಇರುವ ಈ ವಿವೇಕ ಆರೋಪ ಹೊರಿಸುವಾಗಲೂ ಇದ್ದರೆ ಒಳಿತು. ನಿಮ್ಮಲ್ಲಿ ಅನುವಾದದಲ್ಲಿ ಆಸಕ್ತಿಯುಳ್ಳ ನಾಲ್ವರು ಕುಳಿತರೆ ನಮ್ಮ ಕಾಲೇಜಿನ ನೋಟೀಸಿನ ನಮೂನೆಯನ್ನು ಒಂದು ಮಧ್ಯಾಹ್ನದಲ್ಲಿ ಕನ್ನಡಕ್ಕೆ ತರಬಹುದು. ವಿಭಾಗದಿಂದ ಅದನ್ನು ಪ್ರಾಂಶುಪಾಲರಿಗೆ ಕೊಡೋಣ.

ನೆರೆಮನೆಯ ಹುಡುಗನ ಉತ್ತರಕ್ಕೆ ಎರಡು ರಾತ್ರಿ ಹಿಡಿಯಿತು. ಅವನು ನಡೆದದ್ದನ್ನು ಬಡಗದಲ್ಲಿ ಹೇಳಿದ. ಶಾಲೆಯಲ್ಲಿ ಕಲಿತ ತಮಿಳಿನಲ್ಲಿ ಬರೆದ. ಅದರ ಇಂಗ್ಲಿಷನ್ನು ನಾನು ಜೊತೆಗಿಟ್ಟೆ. ಅವನ ಮಾತಿಗೆ ಒಂದು ವಿಶೇಷಣವನ್ನೂ ನಾನು ಸೇರಿಸಲಿಲ್ಲ. ಎಷ್ಟು ಹೊತ್ತಿಗೆ ಕುಳಿತ, ಮೇಜು ಯಾವುದು, ಚೀಟಿಯನ್ನು ಮೊದಲು ಕಂಡದ್ದು ಯಾವಾಗ, ರುಜು ಹಾಕುವ ಮುನ್ನ ಆ ಹೇಳಿಕೆಯನ್ನು ಯಾರಾದರೂ ಓದಿ ತಿಳಿಸಿದರೇ, ಇಷ್ಟನ್ನೇ ಸಾಲಾಗಿ ಬರೆದೆವು. ಹೇಳಿಕೆಯ ಪ್ರತಿಯನ್ನೂ ಚೀಟಿಯನ್ನೂ ತೋರಿಸಬೇಕೆಂದು, ತನ್ನ ಕೈಬರಹದೊಡನೆ ಹೋಲಿಸಬೇಕೆಂದು ಕೇಳಿಕೊಂಡೆವು. ಉತ್ತರವನ್ನು ಒಪ್ಪಿಸಿ ಅದರ ಇನ್ನೊಂದು ಪ್ರತಿಗೆ ಕಚೇರಿಯ ಮೊಹರು ಹಾಕಿಸಿಕೊಂಡು ಬರುವಂತೆ ತಂದೆಗೆ ಹೇಳಿದೆ. ಈ ಒಂದು ಕೆಲಸವನ್ನು ಯಾರೂ ಮರೆಯಬಾರದು.

ಸಮಿತಿ ಅವನನ್ನು ಕರೆಸಿ ಇಪ್ಪತ್ತು ನಿಮಿಷ ಕೇಳಿತು. ಚೀಟಿಯ ಬರಹ ಅವನದಲ್ಲವೆಂದು ಒಪ್ಪಿತು. ಆದರೂ ಅದು ಅವನ ಮೇಜಿನ ಮೇಲಿತ್ತು, ಕಂಡೊಡನೆ ಅವನು ತಿಳಿಸಬೇಕಿತ್ತು ಎಂದು ಆ ಒಂದು ಪತ್ರಿಕೆಯನ್ನು ರದ್ದುಮಾಡಿತು. ಉಳಿದ ಪತ್ರಿಕೆಗಳ ಫಲಿತಾಂಶವನ್ನು ಬಿಟ್ಟುಕೊಟ್ಟಿತು. ಇದಿಷ್ಟೂ ನ್ಯಾಯವಾಯಿತೆಂದು ನಾನು ಹೇಳಲಾರೆ. ಮೇಲ್ಮನವಿ ಹಾಕೋಣವೇ ಎಂದೆ. ಈಗಾಗಿದ್ದರೆ 2023ರ ಯುಜಿಸಿ ನಿಯಮಗಳ ಪ್ರಕಾರ ಕುಂದುಕೊರತೆ ಸಮಿತಿ, ಅದರ ಮೇಲೆ ಒಂಬುಡ್ಸ್‌ಪರ್ಸನ್ ಇದ್ದಾರೆ. ನಿವೃತ್ತ ಕುಲಪತಿಯೋ ಪ್ರಾಧ್ಯಾಪಕರೋ ಜಿಲ್ಲಾ ನ್ಯಾಯಾಧೀಶರೋ ಆ ಸ್ಥಾನದಲ್ಲಿರುತ್ತಾರೆ. ಹುಡುಗ ಬೇಡವೆಂದ, ಮುಂದಿನ ಪರೀಕ್ಷೆಯಲ್ಲಿ ಆ ಪತ್ರಿಕೆಯನ್ನು ಮತ್ತೆ ಬರೆದು ಪಾಸಾದ.

ವಿಚಾರಣೆಯ ದಿನ ತಂದೆಯನ್ನು ಒಳಗೆ ಬಿಟ್ಟಿರಲಿಲ್ಲ. ಹೊರಗೆ ಬಂದ ಮಗನನ್ನು ಅವರು ಮೊದಲು ಕೇಳಿದ್ದು, ಅಲ್ಲಿ ಗೌಡರ ಸ್ಥಾನದಲ್ಲಿ ಕುಳಿತವರು ಯಾರು ಎಂದು. ಐವರಿದ್ದರು, ಯಾರೆಂದು ತಿಳಿಯಲಿಲ್ಲ, ಎಲ್ಲರೂ ನನ್ನ ಕಾಗದವನ್ನೇ ನೋಡುತ್ತಿದ್ದರು ಎಂದನಂತೆ ಹುಡುಗ.